ವಾಲ್ವಿಗೆ ಹಚ್ಚಿದ ಗಂಧ

ಹೋದ ಶನಿವಾರ ನನ್ನ ಗಿಟಾರ್ ಆಂಪ್‌ನ ದೊಡ್ಡ ಗಾಜಿನ ವಾಲ್ವ್ ಕೈಕೊಟ್ಟಿತು. ಒಂದೆರಡು ಸಲ ಕರಕರ ಅಂದು, ಒಳಗಿನ ಕಿತ್ತಳೆ ಬೆಳಕು ಮಂಕಾಗಿ, ಆಮೇಲೆ ಸುಮ್ಮನಾಯಿತು. ಹೊಸ ವಾಲ್ವ್ ಮೊದಲೇ ತರಿಸಿಟ್ಟಿದ್ದೆ; ರಿಪೇರಿಯವರು ಬಂದು ಹಾಕಿಕೊಟ್ಟು ಹೋದರು. ಸ್ವಿಚ್ ಹಾಕಿ, ಅದು ಬಿಸಿಯಾಗುವ ತನಕ ಕಾಲು ಕುಣಿಸುತ್ತ ಕೂತು, ಒಂದು ತಂತಿ ಮೀಟಿದೆ. ನಾದ ಮೊದಲಿಗಿಂತ ಚೊಕ್ಕವಾಗಿಯೇ ಬಂತು. ಆದರೂ ಏನೋ ಕಡಿಮೆ ಅನ್ನಿಸುತ್ತಿತ್ತು. ಗುಂಡಿಗಳನ್ನು ಹಿಂದೆ ಮುಂದೆ ತಿರುಗಿಸಿದೆ. ತಂತಿ ಹಳೆಯದಾಯಿತೇನೋ ಅಂತ ಹೊಸ ತಂತಿ ಕಟ್ಟಿದೆ. ಪೆಟ್ಟಿಗೆಯನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆದೆ. ಅರ್ಧ ಮಧ್ಯಾಹ್ನ ಹಾಳು ಮಾಡಿದ ಮೇಲೆ ಹೊಳೆಯಿತು, ಕಡಿಮೆಯಾಗಿದ್ದು ಗಂಧದ ವಾಸನೆ.

ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಗೂ ಗಂಧಕ್ಕೂ ಏನು ಸಂಬಂಧ ಅಂತ ನೀವು ಕೇಳುತ್ತೀರಿ. ಅದಕ್ಕೆ ಒಂದು ಮಳೆಗಾಲದ ಕಥೆ ಹೇಳಬೇಕಾಗುತ್ತದೆ. ಆಗ ನನಗೆ ನಲವತ್ತು ಹತ್ತಿರ ಬಂದಿತ್ತು, ಮತ್ತು ಎಲ್ಲದಕ್ಕೂ ತಡವಾಯಿತು ಅನ್ನುವ ಚಡಪಡಿಕೆ ಮೈಗೆ ಅಂಟಿಕೊಂಡಿತ್ತು. ಬಸ್ಸು ಒಂದು ನಿಮಿಷ ನಿಂತರೆ ಇಳಿದು ನಡೆಯುವವಳು ನಾನು. ಹೈದರಾಬಾದಿನ ಅಬಿಡ್ಸ್‌ನ ಒಂದು ವಿಮಾ ಕಚೇರಿಯಲ್ಲಿ ಹಗಲಿಡೀ ಸ್ಟ್ಯಾಂಪು ಒತ್ತುತ್ತಿದ್ದೆ. ರಜೆಯ ದಿನ ಮದುವೆ ರಿಸೆಪ್ಶನ್‌ಗಳಲ್ಲಿ ಆರ್ಕೆಸ್ಟ್ರಾ ಜೊತೆ ಗಿಟಾರ್ ಬಾರಿಸುತ್ತಿದ್ದೆ. ಅಲ್ಲಿ ನನ್ನ ವೈರು ನಾದ ಬದಲಿಸುವ ಒಂದು ಪ್ಲಾಸ್ಟಿಕ್ ಡಬ್ಬಿಗೆ ಹೋಗಿ, ಅಲ್ಲಿಂದ ಸೌಂಡಿನವನ ಮೇಜಿಗೆ ಹೋಗಿ, ಆಮೇಲೆ ಎಲ್ಲಿ ಹೋಗುತ್ತಿತ್ತೋ ದೇವರಿಗೇ ಗೊತ್ತು. ‘ನನ್ನದು ಕೇಳಿಸ್ತೇನಪ್ಪಾ?’ ಅಂತ ಕೇಳಿದರೆ ಅವನು ‘ಬೆಸ್ಟ್ ಇತ್ತು ಮೇಡಂ’ ಅನ್ನುತ್ತ ಕೀಬೋರ್ಡಿನ ಗುಂಡಿಯನ್ನು ಇನ್ನಷ್ಟು ಮೇಲೇರಿಸುತ್ತಿದ್ದ.

ಮನೆಯಲ್ಲಿ ಮೂವರು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಅಪ್ಪ, ಅಪ್ಪನ ಅಕ್ಕ ಇಂದಿರಾ ಅತ್ಯಾ, ಮತ್ತು ನಾನು. ಅವ್ವ ನಾನು ಚಿಕ್ಕವಳಿದ್ದಾಗಲೇ ಹೋದಳು, ಸಾಕಿದವಳು ಅತ್ಯಾ. ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ಹಿಂದೂಸ್ತಾನಿ ಕಲಿತಿದ್ದಳು. ಮಲ್ಕಾಜ್‌ಗಿರಿಯ ನಮ್ಮ ಗಲ್ಲಿಯ ಎರಡು ತಲೆಮಾರಿನ ಮಕ್ಕಳಿಗೆ ಹಾರ್ಮೋನಿಯಂ ಮುಂದಿಟ್ಟುಕೊಂಡು ಸಾ ಹೇಳಿಸಿದವಳು ಅವಳೇ. ನನಗೆ ವೀಣಾ ಅಂತ ಹೆಸರಿಟ್ಟವಳೂ ಅವಳೇ. ಆ ಹೆಸರಿನವಳು ಕಾಲೇಜಿನಲ್ಲಿ ಗಿಟಾರ್ ಹಿಡಿದು ಮನೆಗೆ ಬಂದಾಗ ಅತ್ಯಾ ಬೈಯಲಿಲ್ಲ, ಅಳಲಿಲ್ಲ, ‘ಹೂಂ’ ಅಂದು ಒಳಗೆ ಹೋದಳು. ಬೈದಿದ್ದರೆ ಜಗಳವಾಡಬಹುದಿತ್ತು.

ಅದೇ ವರ್ಷದ ಖಂಡೇನವಮಿ ನನಗೆ ಇವತ್ತಿಗೂ ಚುಚ್ಚುತ್ತದೆ. ನಮ್ಮಲ್ಲಿ ಆ ದಿನ ಮನೆಯವರಿಗೆ ಅನ್ನ ಕೊಡುವ ಸಾಮಾನುಗಳನ್ನೆಲ್ಲ ತೊಳೆದು ಒರೆಸಿ ದೇವರ ಮುಂದೆ ಇಟ್ಟು ಪೂಜೆ ಮಾಡುತ್ತಾರೆ. ಅಪ್ಪನ ಸೀಟಿ, ಹಸಿರು ಕೆಂಪು ಬಾವುಟ, ಅಡುಗೆಮನೆಯ ಈಳಿಗೆ, ಹೊಲಿಗೆ ಮಷಿನ್ನಿನ ಕತ್ತರಿ, ಅತ್ಯಾಳ ಹಾರ್ಮೋನಿಯಂ ಎಲ್ಲವೂ ಸಾಲಾಗಿ ಕೂತಿದ್ದವು. ನಾನು ಹೋಗಿ ಗಿಟಾರನ್ನು ಹಾರ್ಮೋನಿಯಂ ಪಕ್ಕಕ್ಕೆ ಒರಗಿಸಿದೆ. ಅತ್ಯಾ ಅದನ್ನು ಮೆಲ್ಲಗೆ ಎತ್ತಿ ಗೋಡೆಯ ಬದಿಗಿಟ್ಟಳು. ‘ಅದು ಆಟಿಗಿ ಸಾಮಾನವ್ವ. ಇಲ್ಲಿ ಬ್ಯಾಡ.’ ಆಮೇಲೆ ಎಷ್ಟೋ ದಸರಾ ಬಂದು ಹೋದವು. ನಾನು ಮತ್ತೆ ಇಡಲೂ ಹೋಗಲಿಲ್ಲ, ಅವಳು ಕೇಳಲೂ ಇಲ್ಲ. ಆದರೆ ಪ್ರತಿ ವರ್ಷ ಆ ದಿನ ಅವಳಿಗೆ ಕೇಳಿಸುವ ಹಾಗೆ ಪಾತ್ರೆ ಕುಕ್ಕುವುದನ್ನು ಮಾತ್ರ ನಾನು ಬಿಡಲಿಲ್ಲ.

ಆ ಆಂಪ್ ಸಿಕ್ಕಿದ್ದು ಮೊದಲ ಮಳೆ ಬಿದ್ದ ವಾರ. ನಮ್ಮ ಆರ್ಕೆಸ್ಟ್ರಾದ ಡ್ರಮ್ಮರ್ ಶ್ರೀಕಾಂತ್ ಫೋನ್ ಮಾಡಿದ. ಅವನು ತೆಲುಗಿನವನು, ನನಗಿಂತ ಚಿಕ್ಕವನು, ಊರಿನ ಯಾವ ಮೂಲೆಯಲ್ಲಿ ಯಾವ ವಾದ್ಯ ಮಾರಾಟಕ್ಕಿದೆ ಅಂತ ಅವನಿಗೆ ಮೊದಲು ಗೊತ್ತಾಗುತ್ತಿತ್ತು. ‘ಅಕ್ಕಾ, ಗಚ್ಚಿಬೌಲಿಯಲ್ಲಿ ಒಬ್ಬರು ಊರು ಬಿಡ್ತಿದ್ದಾರೆ. ಸಣ್ಣ ಟ್ಯೂಬ್ ಆಂಪ್ ಇದೆ. ಈಗಲೇ ಹೊರಡು’ ಅಂದ. ನನಗೆ ಈಗಲೇ ಹೊರಡು ಅನ್ನುವವರು ಬೇಕಾಗಿತ್ತು.

ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಅರ್ಧ ಖಾಲಿಯಾದ ಮನೆ. ರಟ್ಟಿನ ಡಬ್ಬಿಗಳ ನಡುವೆ ಅದು ಕೂತಿತ್ತು, ಅಪ್ಪ ಡ್ಯೂಟಿಗೆ ಒಯ್ಯುತ್ತಿದ್ದ ಕಬ್ಬಿಣದ ಪೆಟ್ಟಿಗೆಗಿಂತ ಸ್ವಲ್ಪ ಚಿಕ್ಕದು. ಕೆನೆ ಬಣ್ಣದ ಹೊದಿಕೆ, ಮುಂದೆ ಗೋಧಿ ಬಣ್ಣದ ಒರಟು ನೇಯ್ಗೆ, ಮೇಲೆ ಚರ್ಮದ ಹಿಡಿ, ಮೂಲೆಯಲ್ಲೊಂದು ಕೆಂಪು ಹರಳಿನ ದೀಪ. ಹಳೆಯದಲ್ಲ, ಹಳೆಯ ಕಾಲದ ಆಂಪ್‌ಗಳ ಹಾಗೆ ಈಗ ಮಾಡಿದ್ದು. ಹಿಂಬದಿ ಅರ್ಧ ತೆರೆದಿತ್ತು. ಒಳಗೆ ಎರಡು ಗಾಜಿನ ವಾಲ್ವ್, ಟ್ಯೂಬ್ ಅನ್ನುವುದು ಇವನ್ನೇ, ಒಂದು ಹೆಬ್ಬೆರಳಿನಷ್ಟು, ಇನ್ನೊಂದು ಕಾಫಿ ಲೋಟದಷ್ಟು. ಸ್ವಿಚ್ ಹಾಕಿದರೆ ಕೂಡಲೇ ಮಾತಾಡುವುದಿಲ್ಲ. ಒಳಗಿನ ತಂತಿ ಕೆಂಪಗಾಗಿ, ಗಾಜು ಬಿಸಿಯಾಗಿ, ಆಮೇಲೆ ಒಂದು ಸಣ್ಣ ಗುಂಯ್ ಬರುತ್ತದೆ. ಆ ಗುಂಯ್ ಬರುವ ತನಕ ನನಗೆ ಜೀವ ಹೋಗಿ ಬಂತು.

ಆಮೇಲೆ ಬಾರಿಸಿದೆ. ಸದ್ದಿನ ಗುಂಡಿ ಸಣ್ಣಗಿಟ್ಟಾಗ ತಂತಿಯ ಲೋಹ, ಉಗುರು, ಬೆರಳಿನ ಚರ್ಮ ಎಲ್ಲ ಬಿಡಿಬಿಡಿಯಾಗಿ ಕೇಳುವಷ್ಟು ತಿಳಿಯಾದ ನಾದ. ಅರ್ಧಕ್ಕೆ ತಂದಾಗ ಮೆಲ್ಲಗೆ ಬಾರಿಸಿದರೆ ತಿಳಿ, ಜೋರಾಗಿ ಬಾರಿಸಿದರೆ ಅಂಚಿನಲ್ಲಿ ಒಂಚೂರು ಒರಟು, ಕೆಂಡದ ಮೇಲೆ ಸುಟ್ಟ ರೊಟ್ಟಿಯ ಅಂಚಿನ ಹಾಗೆ. ಅಪ್ಪ ಸಣ್ಣವರಿದ್ದಾಗಿನ ರೆಕಾರ್ಡುಗಳಲ್ಲಿ ಕೇಳಿ, ಡಬ್ಬಿಯ ಗುಂಡಿಗಳಲ್ಲಿ ವರ್ಷಗಟ್ಟಲೆ ಹುಡುಕಿ, ಸಿಗದೆ ಬಿಟ್ಟಿದ್ದ ನಾದ ಅದು. ಇನ್ನೂ ಏರಿಸಲು ಹೋದಾಗ ಅದನ್ನು ಮಾರುತ್ತಿದ್ದ ಮನುಷ್ಯ ಓಡಿ ಬಂದು ನನ್ನ ಕೈ ಹಿಡಿದರು. ಕೆಳಗಿನ ಮನೆಯವರು ದೂರು ಕೊಡುತ್ತಾರಂತೆ. ‘ಪೂರಾ ಖೋಲೇ ತೋ ಇಚ್ ಬೋಲ್ತಾ ಯೇ’ ಅಂದರು. ಪೂರ್ತಿ ತೆರೆದರೆ ಮಾತ್ರ ಇದು ಮಾತಾಡುತ್ತದೆ, ಆದರೆ ತಾನು ಒಂದು ದಿನವೂ ಈ ಮನೆಯಲ್ಲಿ ಪೂರ್ತಿ ತೆರೆದಿಲ್ಲ ಅಂತ. ಅವರ ಮುಖ ನೋಡಿದರೆ ಆಂಪ್‌ಗಿಂತ ಆ ಮಾತನ್ನು ನನಗೆ ಒಪ್ಪಿಸುವುದೇ ಕಷ್ಟವಾಗಿತ್ತೇನೋ ಅನ್ನಿಸಿತು.

ಮಳೆಯಲ್ಲಿ ಕ್ಯಾಬಿನ ಸೀಟಿನ ಮೇಲೆ ನನ್ನ ದುಪಟ್ಟಾ ಹೊದಿಸಿಕೊಂಡು ಅದನ್ನು ಮನೆಗೆ ತಂದೆ. ಅಪ್ಪ ಸ್ವಿಚ್ ಹಾಕಿ, ಏನೂ ಆಗದೆ, ಮುಖ ಹುಳ್ಳಗೆ ಮಾಡಿದರು. ಅಷ್ಟರಲ್ಲಿ ಗುಂಯ್ ಅಂತು. ‘ಟ್ಯೂಬ್ ಅಂತ ಹೆಸರಿಟ್ಟದ್ದು ಬರೋಬರಿ ಐತಿ ನೋಡು. ನಮ್ಮ ಟ್ಯೂಬ್‌ಲೈಟ್‌ನಂಗ ತಡಾ ಮಾಡಿ ಹತ್ತತೈತಿ’ ಅಂದು ತಮ್ಮ ಜೋಕಿಗೆ ತಾವೇ ನಕ್ಕರು.

ಅತ್ಯಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ನನ್ನ ಕಡೆ ನೋಡಲಿಲ್ಲ, ಗಿಟಾರ್ ಕಡೆಯೂ ನೋಡಲಿಲ್ಲ. ಪೆಟ್ಟಿಗೆಯ ಹಿಂದೆ ಹೋಗಿ ಬಗ್ಗಿದಳು. ‘ಅಯ್ಯ, ಇದರಾಗ ದೀಪ ಐತಿ!’ ಅಂದಳು. ‘ನಮ್ಮ ಹಳೇ ರೇಡಿಯೋದಾಗ ಇತ್ತಲ್ಲ, ಹಂಗ.’ ಧಾರವಾಡದ ಮನೆಯಲ್ಲಿ ವಾಲ್ವ್ ರೇಡಿಯೋ ಇತ್ತಂತೆ. ಅದು ಬಿಸಿಯಾಗಲಿ ಅಂತ ಸ್ವಿಚ್ ಹಾಕಿಟ್ಟೇ ಇವಳು ಸ್ನಾನಕ್ಕೆ ಹೋಗುತ್ತಿದ್ದಳಂತೆ. ಮರುದಿನ ಟ್ರಂಕಿನ ತಳದಿಂದ ಆ ರೇಡಿಯೋದ ಕಸೂತಿ ಹೊದಿಕೆ ತೆಗೆದು ಆಂಪ್ ಮೇಲೆ ಹಾಕಿದಳು. ನಾನು ಬಾರಿಸುವಾಗ ತೆಗೆದಿಡುತ್ತಿದ್ದೆ, ಅವಳು ಮತ್ತೆ ಹಾಕುತ್ತಿದ್ದಳು.

ಪೂರ್ತಿ ತೆರೆಯುವ ಯೋಗ ನನಗೂ ಇರಲಿಲ್ಲ. ನಮ್ಮ ಗಲ್ಲಿಯ ತುಂಬ ರೈಲ್ವೆಯವರು. ಎದುರಿಗೆ ಲೋಕೋ ಪೈಲಟ್, ಪಕ್ಕಕ್ಕೆ ಟಿಕೆಟ್ ಪರೀಕ್ಷಕರು, ಮೂಲೆಯಲ್ಲಿ ಸಿಗ್ನಲ್ ವಿಭಾಗದವರು. ಊರಿಗೆ ಹಗಲಾದಾಗ ಇವರಲ್ಲಿ ಯಾರೋ ಒಬ್ಬರು ರಾತ್ರಿ ಡ್ಯೂಟಿ ಮುಗಿಸಿ ಮಲಗಿರುತ್ತಾರೆ. ಅದಕ್ಕೆ ಗಲ್ಲಿಯಲ್ಲಿ ಮೊದಲಿನಿಂದ ಒಂದು ಪದ್ಧತಿ. ಮಲಗಿದವರ ಮನೆಯ ಗೇಟಿನ ಮೇಲೆ ಒಂದು ಕೆಂಪು ಟವೆಲ್ ಹಾಕುತ್ತಾರೆ. ಅದನ್ನು ಕಂಡರೆ ತರಕಾರಿ ಗಾಡಿಯವನೂ ಬಾಯಿ ಮುಚ್ಚಿಕೊಂಡು ತಳ್ಳುತ್ತಾನೆ. ಗಾರ್ಡಿನ ಮಗಳಾಗಿ ನಾನು ಆ ಟವೆಲ್ಲನ್ನು ಮೀರುವ ಹಾಗಿರಲಿಲ್ಲ. ಅದಕ್ಕೇ ಅಷ್ಟು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಬಾರಿಸಿದ್ದೆ. ಮನೆಯವರಿಗೆ ಕೇಳುತ್ತಿದ್ದದ್ದು ಬರಿಯ ತಂತಿಯ ಟಿಣ್ ಟಿಣ್.

ಆ ಮಳೆಗಾಲವೆಲ್ಲ ಹೀಗೇ ಕಳೆಯಿತು. ಕಚೇರಿಯಿಂದ ನೆನೆದುಕೊಂಡು ಬರುವುದು, ಗಲ್ಲಿಯ ಬಾಯಲ್ಲೇ ನಿಂತು ಗೇಟುಗಳ ಮೇಲೆ ಟವೆಲ್ ಇದೆಯೇ ಅಂತ ನೋಡುವುದು, ಇದ್ದೇ ಇರುವುದನ್ನು ನೋಡಿ ಸಿಡುಕುವುದು. ಮಳೆ ಜೋರಾಗಿ ಹೊಡೆದಾಗ ಮಾತ್ರ ತಗಡಿನ ಸದ್ದಿನಲ್ಲಿ ಕದ್ದು ಗುಂಡಿಯನ್ನು ಒಂದು ಗೆರೆ ಮೇಲೆ ತರುತ್ತಿದ್ದೆ. ಮಳೆ ನಿಂತ ಕೂಡಲೇ ಕಳ್ಳರ ಹಾಗೆ ಕೆಳಗಿಳಿಸುತ್ತಿದ್ದೆ. ಹೈದರಾಬಾದಿನ ಮಳೆ ಯಾವಾಗ ನಿಲ್ಲುತ್ತದೆ ಅಂತ ಯಾರಿಗೂ ಹೇಳಲಾಗುವುದಿಲ್ಲ. ಎಷ್ಟೋ ಸಲ ಒಂದು ಸಾಲಿನ ಮಧ್ಯದಲ್ಲೇ ನಿಂತು ನನ್ನನ್ನು ಬೀದಿಗೆ ಹಾಕಿತು.

ಅತ್ಯಾ ಆ ವರ್ಷ ಯುಗಾದಿಯಿಂದಲೇ ಪಾಠ ನಿಲ್ಲಿಸಿದ್ದಳು. ಕೇಳಿದರೆ ‘ಈಗಿನ ಹುಡುಗರಿಗೆ ಸುರಾನ ಇಲ್ಲ. ಸುಮ್ಮನ ಒದರತಾವು’ ಅನ್ನುತ್ತಿದ್ದಳು. ಟೀವಿ ಮಾತ್ರ ಮನೆಗೆಲ್ಲ ಕೇಳುವ ಹಾಗೆ ಹಚ್ಚುತ್ತಿದ್ದಳು. ನಾನು ಏನಾದರೂ ಹೇಳಿದರೆ ‘ಏನಂದಿ?’ ಅನ್ನುವುದು, ಎರಡನೇ ಸಲ ಹೇಳಿದರೆ ‘ಹೂಂ’ ಅನ್ನುವುದು. ನನ್ನ ಮಾತಿಗೆ ಅವಳ ಹತ್ತಿರ ಅಷ್ಟೇ ಬೆಲೆ ಅಂತ ನಾನು ತಿಳಿದಿದ್ದೆ.

ದಸರಾ ಹತ್ತಿರ ಬಂದಾಗ ಶ್ರೀಕಾಂತ್ ಇನ್ನೊಂದು ಸುದ್ದಿ ತಂದ. ಗಚ್ಚಿಬೌಲಿಯಲ್ಲಿ ಒಂದು ಸಣ್ಣ ಬ್ಯಾಂಡ್. ವಾರಕ್ಕೊಂದು ಸಂಜೆ ಒಂದು ಕೆಫೆಯ ಹಾಲ್‌ನಲ್ಲಿ ಬಾರಿಸುತ್ತಾರೆ. ಜನ ಊಟ ಮಾಡುತ್ತ ಕೇಳುವುದಲ್ಲ, ಕೇಳಲಿಕ್ಕೇ ಬಂದು ಕೂರುತ್ತಾರೆ. ಅವರ ಗಿಟಾರಿನವನು ಬಿಟ್ಟುಹೋಗಿದ್ದ. ಬ್ಯಾಂಡಿನ ರೋಹನ್ ಅನ್ನುವವನು ನನಗೆ ಫೋನ್ ಮಾಡಿದ. ‘ನಿಮ್ಮ ಹತ್ತಿರ ಆ ಟ್ಯೂಬ್ ಆಂಪ್ ಇದೆಯಂತಲ್ಲ ಮೇಡಂ? ಹಳೇ ನಾದ ಬೇಕು ನಮಗೆ. ಆಂಪ್ ತಂದು ಬಾರಿಸಿ ತೋರಿಸಿ. ಇನ್ನೊಬ್ಬ ಹುಡುಗ ಬರುತ್ತಿದ್ದಾನೆ, ಇಬ್ಬರಲ್ಲಿ ಒಬ್ಬರನ್ನು ಅವತ್ತೇ ಒಪ್ಪಿಕೊಂಡುಬಿಡುತ್ತೇವೆ.’ ಎಲ್ಲರಿಗೂ ರಜೆ ಇರುವ ದಿನ ಒಂದೇ ಸಿಕ್ಕಿತ್ತು. ನವಮಿಯ ಮಧ್ಯಾಹ್ನ.

ನನಗೆ ಆ ಜಾಗ ಬೇಕಾಗಿತ್ತು. ಹೀಗೆ ಬಾಯಿಬಿಟ್ಟು ಬೇಕು ಅಂತ ನಾನು ಜೀವನದಲ್ಲಿ ಹೆಚ್ಚೇನೂ ಕೇಳಿದವಳಲ್ಲ. ಮದುವೆ ಮನೆಗಳ ಸೌಂಡಿನವನ ಕೈಯಿಂದ ತಪ್ಪಿಸಿಕೊಂಡು, ನನ್ನ ಬೆರಳಿನ ಸದ್ದು ಕೇಳಲೆಂದೇ ಕೂತ ನಾಲ್ಕು ಜನರ ಮುಂದೆ ಒಮ್ಮೆಯಾದರೂ ಬಾರಿಸದಿದ್ದರೆ ಇಷ್ಟು ವರ್ಷದ ಟಿಣ್ ಟಿಣ್ ಬರಿಯ ಟಿಣ್ ಟಿಣ್ ಆಗಿಯೇ ಉಳಿಯುತ್ತಿತ್ತು. ಆ ವಾರವೆಲ್ಲ ನಾನು ನಿದ್ದೆ ಮಾಡಲಿಲ್ಲ, ಯಾರನ್ನೂ ಮಾಡಲೂ ಬಿಡಲಿಲ್ಲ.

ನವಮಿ ಬೆಳಿಗ್ಗೆ ಅತ್ಯಾ ನನ್ನನ್ನು ಚೆಂಡುಹೂ ತರಲು ಮಾರ್ಕೆಟ್ಟಿಗೆ ಕಳಿಸಿದಳು. ಹೂವಿನ ಅಂಗಡಿಯ ಮುಂದೆ ಗದ್ದಲ, ಕೆಸರು, ಅರ್ಧ ಬೆಳಗೇ ಹೋಯಿತು. ಬಂದು ನೋಡುತ್ತೇನೆ, ದೇವರ ಮುಂದೆ ಸಾಲಾಗಿ ಸೀಟಿ, ಬಾವುಟ, ಈಳಿಗೆ, ಕತ್ತರಿ, ಹಾರ್ಮೋನಿಯಂ. ಅದರ ಪಕ್ಕಕ್ಕೆ, ಮಣೆಯ ಮೇಲೆ, ಕಸೂತಿ ಹೊದಿಕೆ ಹೊದ್ದುಕೊಂಡು, ಹಣೆಗೆ ಗಂಧ ಕುಂಕುಮ ಇಟ್ಟುಕೊಂಡು ನನ್ನ ಆಂಪ್.

ಗಿಟಾರ್ ಗೋಡೆಯ ಬದಿಗೇ ಇತ್ತು.

‘ಅತ್ಯಾ, ಇದೇನು?’ ಅಂದೆ. ಜೋರಾಗಿಯೇ ಅಂದೆ.

‘ಕೂಡಿಸೇನಿ. ಮಂಗಳಾರತಿ ಆತು.’

‘ನಾ ಇವತ್ತ ಇದನ್ನ ತಗೊಂಡು ಹೋಗಬೇಕು. ಮೊನ್ನೆನ ಹೇಳಿದ್ನಲ್ಲ, ನೀ ಹೂಂ ಅಂದಿ!’

ಅವಳು ನನ್ನ ತುಟಿಯನ್ನೇ ನೋಡುತ್ತ ನಿಂತಳು. ‘ಹೇಳಿದ್ದೀ ಏನು?’ ಅಂದು ಸ್ವಲ್ಪ ಗಲಿಬಿಲಿಯಾದಳು. ಆಮೇಲೆ ಸೆರಗು ಸರಿ ಮಾಡಿಕೊಂಡಳು. ‘ಕೂಡಿಸಿದ ಮ್ಯಾಲೆ ನಾಳೆ ಮುಂಜಾನಿ ತನಕ ಮುಟ್ಟಬಾರದು.’

ಅಪ್ಪ ಒಳಗಿನಿಂದ ಬಂದು ನಡುವೆ ಬಾಯಿ ಹಾಕಿದರು. ‘ಅಕ್ಕಾ, ನನ್ನ ಸ್ಕೂಟರಿಗೂ ಪೂಜಿ ಮಾಡೀವಿ. ನಾ ಅದರ ಮ್ಯಾಲೆ ಹಾಲು ತರಾಕ ಹೋಗಂಗಿಲ್ಲೇನು?’

‘ಗಾಡಿಗೆ ನಿಂಬಿಹಣ್ಣು ಇಟ್ಟು ಬಿಡಿಸಿರ್ತೀವಿ. ಗಾಡಿ ಬ್ಯಾರೆ, ವಾದ್ಯ ಬ್ಯಾರೆ. ಸರಸ್ವತಿನ್ನ ಕೂಡಿಸಿ ಅರ್ಧಾ ತಾಸಿಗೆ ಎಬ್ಬಸತಾರೇನು?’

‘ಹಂಗಾದ್ರ ಗಿಟಾರ್ ಯಾಕ ಇಟ್ಟಿಲ್ಲ?’ ಅಂದೆ. ಆ ಹೊತ್ತಿನಲ್ಲಿ ಅದನ್ನು ಯಾಕೆ ಕೇಳಿದೆನೋ. ಎಷ್ಟೋ ವರ್ಷದ ಸಿಟ್ಟು ಸರತಿಯಲ್ಲಿ ಮುಂದೆ ನಿಂತಿತ್ತು.

‘ಅದರ ಮಾತು ನನಗ ಗೊತ್ತಿಲ್ಲ. ಇದರಾಗ ದೀಪ ಐತಿ’ ಅಂದಳು ಅತ್ಯಾ. ಆಮೇಲೆ ಧ್ವನಿ ತಗ್ಗಿಸಿದಳು. ‘ನಿನ್ನ ಸಾಮಾನು ಇಡಲಿಲ್ಲ ಅಂತ ವರ್ಷಾ ವರ್ಷಾ ಸಿಟ್ಟು ಮಾಡ್ತಿದ್ದಿ. ನನಗ ತಿಳೀತಿರಲಿಲ್ಲೇನು? ಈ ಸಲ ಇಟ್ಟೇನಿ. ತಗೋತೀ ಅಂದ್ರ ತಗೊ. ನಾ ಕೈ ಹಿಡಿಯಂಗಿಲ್ಲ.’

ಕೈ ಹಿಡಿದಿದ್ದರೆ ಎಷ್ಟು ಚೆನ್ನಾಗಿತ್ತು. ನಾನು ಹೋಗಿ ಆಂಪ್‌ನ ಹಿಡಿಗೆ ಕೈ ಹಾಕಿದೆ. ಅಕ್ಷತೆಯ ಕಾಳು ಬೆರಳಿಗೆ ಅಂಟಿತು. ಹಾರ್ಮೋನಿಯಂ ಮೇಲಿಟ್ಟ ಹೂವಿನ ಮಾಲೆಯ ಇನ್ನೊಂದು ತುದಿಯನ್ನು ಅವಳು ಆಂಪ್ ಮೇಲೆ ಇಳಿಬಿಟ್ಟಿದ್ದಳು, ಎರಡಕ್ಕೂ ಒಂದೇ ಮಾಲೆ. ಎತ್ತಿದರೆ ಅದು ಹರಿಯುತ್ತಿತ್ತು. ಹೊರಗೆ ಕ್ಯಾಬಿನವನು ಹಾರ್ನ್ ಹೊಡೆದ. ನಾನು ಎಷ್ಟೋ ಹೊತ್ತು ಹಾಗೇ ಬಗ್ಗಿ ನಿಂತಿದ್ದೆ ಅಂತ ಅಪ್ಪ ಈಗಲೂ ಹೇಳುತ್ತಾರೆ. ಆಮೇಲೆ ಕೈ ಬಿಟ್ಟೆ, ಗೋಡೆಯ ಬದಿಯ ಗಿಟಾರ್ ತೆಗೆದುಕೊಂಡೆ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಭಕ್ತಿಯಿಂದ ಬಿಡಲಿಲ್ಲ. ಅಷ್ಟು ವರ್ಷ ಬಯಸಿ ಬಯಸಿ ಸಿಟ್ಟಾಗಿದ್ದದ್ದು ಕೊನೆಗೂ ಸಿಕ್ಕ ದಿನ ಅದನ್ನು ನನ್ನ ಕೈಯಿಂದಲೇ ಹರಿಯಲು ಆಗಲಿಲ್ಲ, ಅಷ್ಟೇ. ದಾರಿಯುದ್ದಕ್ಕೂ ಅತ್ಯಾಳನ್ನು ಬೈದೆ, ಮತ್ತೆ ನನ್ನನ್ನೇ ಬೈದುಕೊಂಡೆ.

ಗಚ್ಚಿಬೌಲಿಯ ಹಾಲ್‌ನಲ್ಲಿ ರೋಹನ್ ನನ್ನ ಬೆನ್ನ ಹಿಂದೆ ನೋಡಿದ. ‘ಆಂಪ್ ಎಲ್ಲಿ ಮೇಡಂ?’

‘ಪೂಜೆಗೆ ಕೂತಿದೆ.’

ಅವನು ನಕ್ಕ. ನಾನು ನಗಲಿಲ್ಲ ಅಂತ ತಿಳಿದು ನಿಲ್ಲಿಸಿದ. ಅವರಲ್ಲೂ ಒಂದು ಡಬ್ಬಿ ಇತ್ತು. ಅದರ ಪರದೆಯಲ್ಲಿ ನನ್ನ ಆಂಪ್‌ನಂಥದ್ದೇ ಒಂದು ಸಣ್ಣ ಪೆಟ್ಟಿಗೆಯ ಚಿತ್ರ. ಅದನ್ನು ಆರಿಸಿದರೆ ಅಂಥದ್ದೇ ನಾದ ಬರುತ್ತದಂತೆ. ಬಂತು. ಅಚ್ಚುಕಟ್ಟಾಗಿಯೇ ಬಂತು. ಆದರೆ ನಾನು ಮೆಲ್ಲಗೆ ಬಾರಿಸಿದರೂ ಅದೇ, ಕೈಯೆತ್ತಿ ಹೊಡೆದರೂ ಅದೇ. ಮೂರು ತಿಂಗಳು ಆ ವಾಲ್ವ್‌ಗಳ ಜೊತೆ ಕಲಿತದ್ದೆಲ್ಲ, ಎಲ್ಲಿ ಒತ್ತಿದರೆ ನಾದ ಒಡೆಯುತ್ತದೆ, ಎಲ್ಲಿ ಬಿಟ್ಟರೆ ತಿಳಿಯಾಗುತ್ತದೆ ಅನ್ನುವುದೆಲ್ಲ, ಅಲ್ಲಿ ಕೆಲಸಕ್ಕೆ ಬರಲಿಲ್ಲ. ಬೆರಳುಗಳಿಗೆ ಹೋಗಲು ದಾರಿಯೇ ಕಾಣಲಿಲ್ಲ. ಇನ್ನೊಬ್ಬ ಹುಡುಗ ಆ ಡಬ್ಬಿಯನ್ನು ನೀರು ಕುಡಿದ ಹಾಗೆ ಬಾರಿಸಿದ. ‘ಫೋನ್ ಮಾಡುತ್ತೇವೆ ಮೇಡಂ’ ಅಂದರು. ಹಾಗೆ ಅನ್ನುವ ಧ್ವನಿ ನನಗೆ ಗೊತ್ತು. ನಮ್ಮ ಕಚೇರಿಯ ಕೌಂಟರಿನಲ್ಲಿ ನಾನೇ ದಿನಾ ಅನ್ನುತ್ತೇನೆ.

ದಶಮಿ ಬೆಳಿಗ್ಗೆ ಎದ್ದು ಹೊರಗೆ ಬಂದಾಗ ಗಲ್ಲಿ ಖಾಲಿಯಾಗಿತ್ತು. ದಸರಾಕ್ಕೆ ಹೈದರಾಬಾದು ಹೀಗೆಯೇ, ಅರ್ಧ ಜನ ತಮ್ಮ ತಮ್ಮ ಊರಿಗೆ ಹೋಗಿರುತ್ತಾರೆ. ಟಿಕೆಟ್ ಪರೀಕ್ಷಕರ ಮನೆಗೆ ಬೀಗ, ಮೂಲೆ ಮನೆಗೆ ಬೀಗ. ಎದುರು ಮನೆಯ ಲೋಕೋ ಪೈಲಟ್ ಡ್ಯೂಟಿಯ ಮೇಲೆ ಹೊರಗೆ, ಹೆಂಡತಿ ಮಕ್ಕಳು ಊರಿಗೆ. ಒಂದು ಗೇಟಿನ ಮೇಲೂ ಕೆಂಪು ಟವೆಲ್ ಇರಲಿಲ್ಲ.

ಅತ್ಯಾ ಸ್ನಾನ ಮುಗಿಸಿ, ಪೂಜೆ ಮಾಡಿ, ಒಂದೊಂದೇ ಸಾಮಾನು ಕದಲಿಸಿ ಯಾರದ್ದನ್ನು ಅವರಿಗೆ ಕೊಟ್ಟಳು. ನನ್ನ ಆಂಪ್ ಮುಂದೆ ಬಂದು ‘ಈಗ ಹಚ್ಚು’ ಅಂದಳು.

ಹೊದಿಕೆ ತೆಗೆದು ಹಿಂದೆ ನೋಡಿದರೆ ದೊಡ್ಡ ವಾಲ್ವಿನ ಗಾಜಿನ ಮೇಲೆ ಗಂಧದ ಬೊಟ್ಟು, ಅದರ ನಡುವೆ ಕುಂಕುಮ. ಮುಂದಿನ ಹಣೆ ಸಾಲದು ಅಂತ ಕೈ ಒಳಗೆ ಹಾಕಿ ದೀಪಕ್ಕೇ ಹಚ್ಚಿದ್ದಳು. ಶ್ರೀಕಾಂತ್‌ಗೆ ಫೋನ್ ಮಾಡಿದೆ. ‘ಅಯ್ಯೋ ಅಕ್ಕಾ, ಒರೆಸು ಮೊದಲು. ಬಿಸಿಗೆ ಗಾಜು ಸೀಳೀತು. ಈ ವಾಲ್ವ್ ಇಲ್ಲಿ ಸಿಗುವುದಿಲ್ಲ’ ಅಂದ. ನಾನು ಒರೆಸಲಿಲ್ಲ. ಸೀಳಿದರೆ ಸೀಳಲಿ ಅನ್ನುವಷ್ಟು ಸಿಟ್ಟಿತ್ತು. ಇನ್ನು ಉಳಿಸಿ ಯಾರಿಗೆ ತೋರಿಸಬೇಕು? ಸ್ವಿಚ್ ಹಾಕಿದೆ. ಕೆಂಪು ಹರಳು ಹತ್ತಿತು, ಒಳಗಿನ ತಂತಿ ಕೆಂಪಗಾಯಿತು, ಗುಂಯ್ ಬಂತು. ಅದರ ಜೊತೆಗೆ ಬಿಸಿ ಗಾಜಿನ ಮೇಲೆ ಗಂಧ ಸುಡುವ ವಾಸನೆ ಹಾಲ್ ತುಂಬ ಹರಡಿತು. ಗಾಜು ಸೀಳಲಿಲ್ಲ. ನಾನು ಗುಂಡಿಯನ್ನು ಕೊನೆಯ ತನಕ ತಿರುಗಿಸಿದೆ.

ಆಂಪ್ ಮಾರಿದ ಮನುಷ್ಯ ಸುಳ್ಳು ಹೇಳಿರಲಿಲ್ಲ. ಅಲ್ಲಿಯ ತನಕ ನಾನು ಕೇಳಿದ್ದು ಆ ಪೆಟ್ಟಿಗೆಯ ಉಸಿರು ಮಾತ್ರ. ಒಂದು ಸ್ವರ ಒತ್ತಿ ಹಿಡಿದರೆ ಅದು ಸಾಯುತ್ತಿರಲಿಲ್ಲ. ಮೊದಲು ಒಡೆದು, ಆಮೇಲೆ ದುಂಡಗಾಗಿ, ಅತ್ತು ಅತ್ತು ಗಂಟಲು ಕಟ್ಟಿದವರ ದನಿಯ ಹಾಗೆ ಹಾಡುತ್ತ ಹೋಗುತ್ತಿತ್ತು. ಕಿಟಕಿಯ ಗಾಜು ನಡುಗಿತು, ಅಪ್ಪನ ಸೀಟಿ ಮೇಜಿನ ಮೇಲೆ ತಾನೇ ಉರುಳಿತು. ಹಿಂದಿನ ದಿನದ ಸಿಟ್ಟು, ಅಬಿಡ್ಸ್‌ನ ಸ್ಟ್ಯಾಂಪು, ಹೆಡ್‌ಫೋನಿನೊಳಗೆ ಕಳೆದ ವರ್ಷಗಳು ಎಲ್ಲವನ್ನೂ ಅದರಲ್ಲಿ ಸುರಿದೆ. ಬಾರಿಸುತ್ತ ನಾನು ಅಳುತ್ತಿದ್ದೆ. ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಕಣ್ಣು ಒರೆಸಿಕೊಂಡು ನೋಡಿದರೆ ಅತ್ಯಾ ಆಂಪ್ ಪಕ್ಕದಲ್ಲಿ ನೆಲದ ಮೇಲೆ ಕೂತು, ಅಂಗೈಯನ್ನು ಅದರ ಮೇಲೆ ಒತ್ತಿ ಹಿಡಿದಿದ್ದಳು. ನಾನು ನಿಲ್ಲಿಸಿದೆ.

‘ನಿಲ್ಲಸಬ್ಯಾಡ’ ಅಂದಳು. ‘ಮ್ಯಾಲಿನ ಸಾ ಹತ್ತಿರ ಹೋಗಿ ಹೋಗಿ ಯಾಕ ತಿರಗಿ ಬರ್ತೀ? ಹೋಗಿ ಮುಟ್ಟು.’

ಮುಟ್ಟಿದೆ. ಅವಳು ಕಣ್ಣು ಮುಚ್ಚಿಕೊಂಡಳು.

ಮುಗಿದ ಮೇಲೆ ಅಪ್ಪ ಹಿತ್ತಲಿಗೆ ಹೋಗುವ ತನಕ ಕಾದು ಅವಳು ಮಾತಾಡಿದಳು. ‘ಇಷ್ಟು ವರ್ಷ ನೀ ಬಾರಸೂದು ನನಗ ಕೇಳಿಸೇ ಇಲ್ಲವ್ವ. ಟಿಣ್ ಟಿಣ್ ಅಂತಿತ್ತು, ಅಷ್ಟ. ಈಗ ಎರಡು ವರ್ಷಾತು, ಅದೂ ಇಲ್ಲ. ಕಿವಿ ಹೋಗಾಕತ್ತಾವು. ಹುಡುಗರು ಸಾ ಅಂದ್ರ ಬಾಯಿ ತೆರದದ್ದು ಕಾಣತೈತಿ, ಸಾ ಕೇಳಂಗಿಲ್ಲ. ಅದಕ್ಕ ಪಾಠಾ ಬಿಟ್ಟೆ. ನಿಮ್ಮಪ್ಪಗ ಹೇಳಬ್ಯಾಡ.’

ನನ್ನ ಸಿಟ್ಟು ಹೋಯಿತು ಅಂದರೆ ಸುಳ್ಳಾಗುತ್ತದೆ, ಅದು ಅಲ್ಲೇ ಇತ್ತು. ಆದರೆ ಅದರ ಪಕ್ಕಕ್ಕೆ ಇನ್ನೊಂದು ಬಂದು ಕೂತು ಜಾಗ ಮಾಡಿಕೊಂಡಿತು. ಅವತ್ತು ಸಂಜೆ ಅವಳು ನನ್ನ ಕೈಗೆ ಬನ್ನಿ ಎಲೆ ಕೊಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಅಂದಾಗ, ಪ್ರತಿ ವರ್ಷದ ಹಾಗೆ ಅವಸರದಲ್ಲಿ ಕಾಲು ಮುಟ್ಟಿ ಓಡಲಿಲ್ಲ.

ಬೆಳಿಗ್ಗೆ ಬಾರಿಸಿದ್ದನ್ನು ಅಪ್ಪ ತಮ್ಮ ಫೋನಿನಲ್ಲಿ ಹಿಡಿದಿದ್ದರು. ಅದನ್ನು ರೋಹನ್‌ಗೆ ಕಳಿಸಿದೆ. ಅವನು ಕೂಡಲೇ ಫೋನ್ ಮಾಡಿದ. ‘ಮೇಡಂ, ನಿನ್ನೆ ಹೀಗೆ ಯಾಕೆ ಬಾರಿಸಲಿಲ್ಲ? ನಾವು ಆ ಹುಡುಗನಿಗೆ ಹೂಂ ಅಂದುಬಿಟ್ಟಿದ್ದೇವೆ.’ ಅವನ ದನಿಯಲ್ಲಿ ನಿಜವಾಗಿ ಬೇಜಾರಿತ್ತು. ಮುಂದೆ ಒಂದೆರಡು ಸಲ ಅವನು ಕರೆಯುತ್ತೇನೆ ಅಂದ, ಕರೆಯಲಿಲ್ಲ. ಆ ಜಾಗ ಹೋದದ್ದು ಹೋಯಿತು. ಅಂಥದ್ದು ಮತ್ತೆ ಸಿಗಲಿಲ್ಲ. ದೀಪಾವಳಿ ತನಕ ನಾನು ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯುತ್ತಿದ್ದೆ.

ಮರುವರ್ಷದಿಂದ ಅತ್ಯಾ ಗಿಟಾರನ್ನೂ ಸಾಲಿನಲ್ಲಿ ಇಡತೊಡಗಿದಳು. ವಾಲ್ವಿಗೆ ಮಾತ್ರ ಖಂಡೇನವಮಿಯ ತನಕ ಕಾಯಲಿಲ್ಲ. ದಿನಾ ಪೂಜೆಯಲ್ಲಿ ಉಳಿದ ಗಂಧವನ್ನು ತಂದು ಒಂದು ಬೊಟ್ಟು ಹಚ್ಚುವುದು ಅವಳ ರೂಢಿಯಾಯಿತು. ಸಂಜೆ ನಾನು ಸ್ವಿಚ್ ಹಾಕಿದರೆ ಸಾಕು, ಒಳಗಿನ ಕೋಣೆಯಿಂದ ಅವಳು ತನ್ನ ಕುರ್ಚಿ ಎಳೆದುಕೊಂಡು ಬಂದು ಪಕ್ಕಕ್ಕೆ ಕೂರುತ್ತಿದ್ದಳು. ಈಗ ಗಲ್ಲಿಯ ಎರಡೂ ಕಡೆ ಅಪಾರ್ಟ್‌ಮೆಂಟು ಎದ್ದಿವೆ, ಟವೆಲ್ ಹಾಕುವ ಗೇಟುಗಳೇ ಇಲ್ಲ, ಗುಂಡಿ ಮತ್ತೆ ಮೊದಲಿನ ಹಾಗೆ ಕೆಳಗೇ ಇದೆ. ಅತ್ಯಾಳಿಗೆ ಎಂಬತ್ತು ದಾಟಿದೆ. ಕಿವಿಗೆ ಮಷಿನ್ ತಂದುಕೊಟ್ಟರೆ ಫ್ಯಾನಿನ ಸದ್ದು ಬಿಟ್ಟು ಬೇರೆ ಏನೂ ಕೇಳುವುದಿಲ್ಲ ಅಂತ ಅದನ್ನು ಡಬ್ಬಿಯಲ್ಲೇ ಇಟ್ಟಿದ್ದಾಳೆ. ಆದರೂ ದಿನಾ ಬಂದು ಕೂರುತ್ತಿದ್ದಳಲ್ಲ, ನನ್ನದು ಒಂದಿಷ್ಟಾದರೂ ಅವಳಿಗೆ ಕೇಳುತ್ತದೆ ಅಂತ ನಾನು ಸಮಾಧಾನವಾಗಿದ್ದೆ.

ಹೋದ ಶನಿವಾರ ರಿಪೇರಿಯವರು ಹಳೆಯ ವಾಲ್ವಿನ ಮೇಲಿನ ಕಪ್ಪು ಕಲೆ ನೋಡಿ, ಹೊಸದರ ಗಾಜಿಗೆ ಏನೂ ತಾಗಿಸಬೇಡಿ ಅಂತ ಹೇಳಿ ಹೋದರು. ಅತ್ಯಾಳಿಗೆ ಕೈಸನ್ನೆ ಮಾಡಿ ಹೇಳಿದೆ. ಅವಳು ತಲೆಯಾಡಿಸಿದಳು. ಮಧ್ಯಾಹ್ನವೆಲ್ಲ ಗುಂಡಿ ತಿರುಗಿಸಿ ಸಾಕಾದ ಮೇಲೆ, ದೀಪ ಹಚ್ಚುವ ಹೊತ್ತಿಗೆ ನೆಟ್ಟಗೆ ಕೂತು ಬಾರಿಸಿದೆ. ಅವಳು ಬರಲಿಲ್ಲ. ಮೈ ಸರಿ ಇಲ್ಲವೇನೋ ಅಂತ ಒಳಗೆ ಹೋದರೆ ಮಂಚದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು.

‘ಇವತ್ತ ಬಾರಸಲಿಲ್ಲೇನವ್ವ?’ ಅಂದಳು.

ನಾನು ಅವಳ ಕಿವಿಯ ಹತ್ತಿರ ಬಾಯಿ ಇಟ್ಟು ‘ಬಾರಸಿದೆ ಅತ್ಯಾ’ ಅಂದೆ.

ಅವಳು ನನ್ನ ಮುಖ ನೋಡಿದಳು. ‘ವಾಸನೀನ ಬರಲಿಲ್ಲಲ್ಲ’ ಅಂದಳು.

ದೇವರ ಮನೆಗೆ ಹೋಗಿ ಸಾಣೆಕಲ್ಲಿನ ಮೇಲೆ ಗಂಧ ತೇಯ್ದೆ. ರಿಪೇರಿಯವರ ಮಾತು ನೆನಪಿರಲಿಲ್ಲ ಅಂತಲ್ಲ. ಆಂಪ್‌ನ ಹಿಂದೆ ಕೈ ಹಾಕಿ, ಆರಿ ತಣ್ಣಗಾಗಿದ್ದ ಹೊಸ ಗಾಜಿನ ಮೇಲೆ ಒಂದು ಬೊಟ್ಟು ಇಟ್ಟೆ. ಸ್ವಿಚ್ ಹಾಕಿ ಗಿಟಾರ್ ತೊಡೆಯ ಮೇಲೆ ಇಟ್ಟುಕೊಂಡು ಕಾದೆ. ಕಾಲು ಕುಣಿಸಲಿಲ್ಲ. ಕೆಂಪು ಹರಳು ಹತ್ತಿತು, ಗಾಜಿನೊಳಗೆ ಬೆಳಕು ಏರಿತು, ವಾಸನೆ ಮೆಲ್ಲಗೆ ಎದ್ದು ನಡುಮನೆ ದಾಟಿತು. ಒಳಗಿನ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ನಾನಿನ್ನೂ ತಂತಿ ಮುಟ್ಟಿರಲಿಲ್ಲ.